ಅಕ್ಕನಿಗಿಂತ ನಾಲ್ಕು ಕಮ್ಮಿ

ನಮ್ಮತ್ತೆ ಮಧ್ಯಾಹ್ನದ ಊಟದ ಮೇಲೆ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ ಎಂದು ನನಗೆ ತಿಳಿದದ್ದು ಅವರ ತಂಬಿಗೆಯಿಂದ. ಬೆಳಿಗ್ಗೆ ತುಂಬಿಸಿಟ್ಟದ್ದು ಸಂಜೆ ದೀಪ ಹಚ್ಚುವ ಹೊತ್ತಿಗೂ ಕಂಠದವರೆಗೆ ಹಾಗೇ ಇರುತ್ತಿತ್ತು. ಕೇಳಿದರೆ, "ಬಾಯಾರಿಕೆನೇ ಆಗಲ್ಲ ಕಣಮ್ಮ" ಅಂದರು. ಅದು ನಿಜವಲ್ಲ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಕು, ಆ ಹೊತ್ತಿನಲ್ಲಿ ನಾನು ಕೆಲಸ ಮುಗಿಸಿ ಸ್ವಲ್ಪ ಒರಗಿರುತ್ತೇನೆ. ನನ್ನನ್ನು ಎಬ್ಬಿಸಬಾರದೆಂದು ಅವರು ಬಾಯಾರಿಕೊಂಡು ಕೂತಿರುತ್ತಿದ್ದರು.

ಎಡಗಾಲಿನ ಮಂಡಿ ಮೊದಲು ಕೈಕೊಟ್ಟಿತ್ತು. ಈಳಿಗೆಮಣೆಯ ಮೇಲೆ ಕೂರುವುದು ನಿಂತು, ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುವುದು ಶುರುವಾಯಿತು. ಆಮೇಲೆ ಸ್ಟೂಲಿನಿಂದ ಏಳುವುದೂ ಕಷ್ಟವಾಗಿ ಕುರ್ಚಿ ಬಂತು. ತುಮಕೂರಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆದ ಕೀಲನ್ನು ಪೆನ್ನಿನ ತುದಿಯಿಂದ ತೋರಿಸಿದರು. ಕೀಲು ಬದಲಿಸಬೇಕು, ತಡಮಾಡಿದರೆ ತೊಡೆಯ ಶಕ್ತಿ ಹೋಗುತ್ತದೆ, ಆಮೇಲೆ ಬದಲಿಸಿಯೂ ಪ್ರಯೋಜನವಿಲ್ಲ ಎಂದರು. ಅತ್ತೆ ಎಕ್ಸ್‌ರೇ ನೋಡಲಿಲ್ಲ. ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಂಡಿಯನ್ನು ನೋಡುತ್ತಿದ್ದರು. ಅದನ್ನು ಮಡಿಸಿ ಬಿಡಿಸಿ ಮಾಡಬಹುದಿತ್ತು.

ನಮ್ಮ ಯಜಮಾನರಿಗೆ ಮಧುಗಿರಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಬದುಕು ನಡೆಯುತ್ತದೆ, ಆಪರೇಷನ್ನಿಗೆ ಆಗುವಷ್ಟು ಕೈಯಲ್ಲಿರಲಿಲ್ಲ. ಸಾಲದ ಮಾತೆತ್ತಿದರೆ ಅತ್ತೆ ಊಟದ ತಟ್ಟೆಯನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಹಾಗಾಗಿ ಸರ್ಕಾರದ ಆರೋಗ್ಯ ಕಾರ್ಡುಗಳ ವಿಷಯ ತಿಳಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ, ಫೋನಿನಲ್ಲಿ ಎಲ್ಲ ಸಿಗುತ್ತದೆ ಎಂಬ ನಂಬಿಕೆ ಮನೆಯವರದು. ಸಿಗುವುದೇನೋ ಸಿಗುತ್ತದೆ. ಓದಿದ್ದನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳುವುದೇ ಕಷ್ಟ. ಅಡುಗೆ ಮನೆಯ ಕಿಟಕಿಯ ಹತ್ತಿರ ನಿಂತು ಓದಿ, ಅರ್ಥವಾಗದ್ದನ್ನು ನಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನೂ ಆಸ್ಪತ್ರೆಯ ಕೌಂಟರಿನವರನ್ನೂ ಕೇಳಿ, ಕೊನೆಗೆ ನಾನು ತಿಳಿದುಕೊಂಡದ್ದು ಇಷ್ಟು. ಬಡತನ ರೇಖೆಯ ಕೆಳಗಿನ ರೇಷನ್ ಕಾರ್ಡಿದ್ದರೆ ಇಂಥ ಆಪರೇಷನ್ನಿನ ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ. ನಮ್ಮದು ರೇಖೆಯ ಮೇಲಿನ ಕಾರ್ಡು. ಅದಕ್ಕೆ ಒಂದು ಪಾಲು ಮಾತ್ರ, ಉಳಿದದ್ದು ನಮ್ಮದೇ. ಎರಡಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲಿ ಆಗುವುದಿಲ್ಲ, ಬೇರೆ ಕಡೆ ಮಾಡಿಸಿ ಎಂದು ಅವರಿಂದ ಬರೆಸಿಕೊಳ್ಳಬೇಕು. ಮೊದಲೇ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ಖಾಸಗಿ ವಿಮೆಯವರು ಈಗಾಗಲೇ ಇರುವ ಮಂಡಿನೋವಿಗೆ ಕೆಲವು ವರ್ಷ ಕಾಯಿರಿ ಎಂದರು. ಇಷ್ಟನ್ನು ಕೇಳಿಸಿಕೊಂಡು ಆಶಾ ಕಾರ್ಯಕರ್ತೆ ನಮ್ಮ ಜಗಲಿಯ ಮೇಲೆ ಕೂತು ಹೇಳಿದಳು:

"ಅಷ್ಟೆಲ್ಲಾ ಯಾಕಕ್ಕ? ಎಪ್ಪತ್ತು ದಾಟಿದೋರಿಗೆ ಬ್ಯಾರೆ ಕಾರ್ಡೇ ಬಂದೈತೆ. ಬಡವ್ರಾ ಸಾವ್ಕಾರ್ರಾ ಅಂತ ನೋಡಲ್ಲ. ವಯಸ್ಸೊಂದೇ ನೋಡೋದು."

ಆ ಕಾರ್ಡು ನಮ್ಮ ಕಡೆ ಎಲ್ಲ ಆಸ್ಪತ್ರೆಯಲ್ಲೂ ನಡೆಯುವುದಿಲ್ಲ ಎಂಬ ಮಾತೂ ಇತ್ತು. ತುಮಕೂರಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ನಮ್ಮಲ್ಲಿ ನಡೆಯುತ್ತದೆ, ಕಾರ್ಡು ಮಾಡಿಸಿಕೊಂಡು ಬನ್ನಿ ಎಂದರು. ನಾನು ಅಂದು ಸಂಜೆ ಸಜ್ಜಿಗೆ ಮಾಡಿದೆ. ಅತ್ತೆಯ ವಯಸ್ಸು ಎಪ್ಪತ್ತರ ಮೇಲೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಅಲ್ಲಿನ ಹೆಂಗಸು ಆಧಾರ್ ನಂಬರು ಒತ್ತಿ, ಪರದೆ ನೋಡಿ, ಇನ್ನೊಂದು ಸಲ ಒತ್ತಿ ನೋಡಿದಳು.

"ಅಮ್ಮಂಗೆ ಇನ್ನೂ ಅರವತ್ತೇಳು. ಮೂರು ವರ್ಷ ಬಿಟ್ಟು ಕರ್ಕೊಂಡ್ ಬನ್ನಿ."

"ತಪ್ಪಿರ್ಬೇಕು ನೋಡಮ್ಮ," ಎಂದರು ನಮ್ಮ ಯಜಮಾನರು. "ನನಗೇ ಐವತ್ತೈದಾಗಿದೆ."

"ಹಾಗಾದ್ರೆ ಅಮ್ಮಂಗೆ ಹನ್ನೆರಡು ವರ್ಷಕ್ಕೇ ನೀವು ಹುಟ್ಟಿದ್ರಾ ಸಾರ್?"

ಹಿಂದೆ ನಿಂತವರು ನಕ್ಕರು. ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಅದನ್ನು ನೋಡಿದ ಮೇಲೆ, ಇದು ಬರೆದುಕೊಂಡವರ ತಪ್ಪಲ್ಲ ಅನ್ನಿಸಿತು.

ಮನೆಗೆ ಬಂದು ಅವರೆಕಾಯಿ ಸುಲಿಯುವಾಗ ನಿಧಾನವಾಗಿ ಹೇಳಿದರು. ಆಧಾರ್ ಮಾಡುವವರು ಬಂದಾಗ ಅವರು ಐ.ಡಿ.ಹಳ್ಳಿ ಕಡೆಯ ಗಂಡನ ಊರಿನಲ್ಲೇ ಇದ್ದರು. ಶಾಲೆಯ ಅಂಗಳದಲ್ಲಿ ಸಾಲು. ಮುಂದೆ ಅವರ ಓರಗಿತ್ತಿ, ಅಂದರೆ ಮಾವನವರ ಅಣ್ಣನ ಹೆಂಡತಿ, ನಾನು ದೊಡ್ಡತ್ತೆ ಎಂದು ಕರೆಯುವವರು, ಹಿಂದೆ ಇವರು. ಜನ್ಮದಿನಾಂಕದ ಪತ್ರ ಇಬ್ಬರ ಹತ್ತಿರವೂ ಇರಲಿಲ್ಲ. ಬಾಯಲ್ಲಿ ಹೇಳಿ, ಬರೆದುಕೊಳ್ಳುತ್ತೇವೆ ಎಂದರಂತೆ.

"ಅಕ್ಕ ಐವತ್ತೆಂಟು ಅಂದ್ಲು. ನಾನು, ಅಕ್ಕನಿಗಿಂತ ನಾಲ್ಕು ಕಮ್ಮಿ ಬರ್ಕೊಳಪ್ಪ ಅಂದೆ."

"ನಿಜಕ್ಕೆ ಎಷ್ಟು ಕಮ್ಮಿ ಅತ್ತೆ?"

ಅವರು ಸಿಪ್ಪೆಗಳನ್ನು ಒಂದು ಕಡೆಗೆ ಒತ್ತರಿಸಿದರು. "ನಿಜಕ್ಕೆ ನಾನೇ ದೊಡ್ಡೋಳು ಕಣಮ್ಮ. ಒಂದೋ ಎರಡೋ ವರ್ಸ."

ಯಜಮಾನರು ಅಂಗಿ ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಂತರು. "ಅಲ್ಲಮ್ಮ, ಅವರು ಕೇಳಿದ್ದು ನಿನ್ ವಯಸ್ಸು. ದೊಡ್ಡಮ್ಮನ ವಯಸ್ಸಿಂದ ಕಳೆಯೋ ಲೆಕ್ಕ ಅಲ್ಲ."

"ಅಕ್ಕ ಪಕ್ದಲ್ಲೇ ನಿಂತಿದ್ಲಲ್ಲೋ! ಅವ್ಳ ಮುಂದೆ ಅರವತ್ತು ಅನ್ನಾಕಾಯ್ತದಾ?"

ಅವರ ಮನೆತನದಲ್ಲಿ ಹಿರಿಮಗನ ಹೆಂಡತಿ ಅಕ್ಕ. ಅವಳು ವಯಸ್ಸಿನಲ್ಲಿ ಚಿಕ್ಕವಳಾದರೂ ಅಕ್ಕನೇ. ಹಬ್ಬದ ಮೊದಲ ಎಲೆ ಅವಳಿಗೆ, ಬಾಗಿನ ಮೊದಲು ಅವಳಿಗೆ, ಸೊಸೆಯರು ಮೊದಲು ಬೀಳುವುದು ಅವಳ ಕಾಲಿಗೆ. ದೊಡ್ಡತ್ತೆ ಇನ್ನೂ ಹುಡುಗಿಯಾಗಿದ್ದಾಗಲೇ ಹಿರಿಸೊಸೆಯಾಗಿ ಬಂದವರು. ಕಿರಿಮಗನಿಗೆ ತಂದ ಹೆಣ್ಣು ಬೆಳೆದವಳು. ಇದು ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂದೇನಲ್ಲ, ಆದರೆ ಮಾತಿಗೆ ಎಡೆಯಾಗುತ್ತದೆ. ಪಾವಗಡದ ಆಚೆ, ಆಂಧ್ರದ ಅಂಚಿನ ಹಳ್ಳಿಯಿಂದ ಹೊರಡಿಸುವಾಗ ಅತ್ತೆಯ ತಾಯಿ ಸೆರಗಿಗೆ ಅಕ್ಕಿ ಕಟ್ಟುತ್ತಾ ಹೇಳಿದ್ದರಂತೆ: "ಆ ಇಂಟ್ಲೋ ಆಮೆ ಪೆದ್ದದಿ, ನುವ್ವು ಚಿನ್ನದಾನಿವಿ." ಆ ಮನೆಯಲ್ಲಿ ಅವಳೇ ದೊಡ್ಡವಳು, ನೀನು ಚಿಕ್ಕವಳು. ವರ್ಷದ ಮಾತು ಎತ್ತಬೇಡ. ಅತ್ತೆ ಎತ್ತಿರಲಿಲ್ಲ. ಸರ್ಕಾರದವರು ಕೇಳಿದಾಗಲೂ ಎತ್ತಲಿಲ್ಲ.

"ಮೂರು ವರ್ಸ ತಾನೇ," ಎಂದರು. "ಕಾಯ್ತೀನಿ ಬುಡು."

ಮಂಡಿ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೆವು. ಅವರೂ ಕೇಳಿದ್ದರು.

ಆಧಾರಿನಲ್ಲಿ ಹುಟ್ಟಿದ ವರ್ಷ ತಿದ್ದಿಸಲು ಜನನ ಪತ್ರ ಬೇಕು. ಆ ಕಾಲದ ಜನನ ಯಾರೂ ಬರೆಸಿಲ್ಲದಿದ್ದರೆ ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ, ಆದೇಶ ಬೇಕು. ಆ ಕಚೇರಿ ಮಧುಗಿರಿಯಲ್ಲೇ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹೋಗಿ ಕೇಳಿದೆ. ಗುಮಾಸ್ತರು ತಾಳ್ಮೆಯಿಂದ ವಿವರಿಸಿದರು. ಊರಿನಲ್ಲಿ ದಾಖಲೆ ಇಲ್ಲವೆಂಬ ಪತ್ರ, ಸರ್ಕಾರಿ ಡಾಕ್ಟರು ಪರೀಕ್ಷೆ ಮಾಡಿ ಕೊಡುವ ಅಂದಾಜು ವಯಸ್ಸು, ಜೊತೆಗೆ ಚಿಕ್ಕಂದಿನಿಂದ ಬಲ್ಲ ಹಿರಿಯರೊಬ್ಬರು ಬಂದು ಹೇಳಿಕೆ ಕೊಡಬೇಕು.

"ತವರಿನ ಕಡೆ ಯಾರಾದ್ರೂ ಇದಾರಾ ಅಮ್ಮ?"

ತವರಿನಲ್ಲಿ ಅತ್ತೆಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ. ತಮ್ಮ ಒಬ್ಬರಿದ್ದಾರೆ, ಅವರಿಗೆ ತಮ್ಮ ವಯಸ್ಸೇ ಗೊತ್ತಿಲ್ಲ. ಗಂಡನ ಮನೆಯಲ್ಲಿ ಅತ್ತೆಯನ್ನು ಮದುವೆಯಾದಾಗಿನಿಂದ ಬಲ್ಲವರು ಈಗ ಒಬ್ಬರೇ, ದೊಡ್ಡತ್ತೆ. ಅದನ್ನು ಮನೆಗೆ ಬಂದು ಹೇಳುವ ಮೊದಲೇ ಅತ್ತೆ ನನ್ನ ಮುಖ ನೋಡಿ ತಿಳಿದುಕೊಂಡರು.

"ಅಕ್ಕನ ಕಿವಿಗೆ ಇದು ಬೀಳಂಗಿಲ್ಲ," ಎಂದು ರೂಮಿಗೆ ಹೋಗಲು ಎದ್ದರು. ಒಬ್ಬರೇ ಏಳಲು ಆಗದೆ ಮತ್ತೆ ಕೂತರು.

ಹಾಗೇ ದಿನಗಳು ಹೋದವು. ಒಂದು ಮಧ್ಯಾಹ್ನ ನಾನು ಎದ್ದು ಬಂದಾಗ ನೆಲ ಒರೆಸುವ ಬಟ್ಟೆ ಹಿತ್ತಲ ಹಗ್ಗದ ಮೇಲಿರದೆ ಬಚ್ಚಲ ಹೊಸಿಲ ಹತ್ತಿರ ಹಿಂಡಿ ಹರಡಿತ್ತು. ನಡುಮನೆಯ ನೆಲ ಒಂದು ಪಟ್ಟಿಯಷ್ಟು ಒದ್ದೆಯಿತ್ತು, ಫಿನಾಯಿಲ್ ವಾಸನೆ. ಅತ್ತೆ, ಗೋಡೆ ಹಿಡಿದು ಹೇಗೆ ಓಡಾಡಿದ್ದರೋ, ಬೇರೆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಸೀರೆಯ ನಿರಿಗೆ ಒಂದೊಂದು ಒಂದೊಂದು ಅಳತೆಯದಾಗಿತ್ತು. ನಾನು ಕಾಫಿಗೆ ಹಾಲಿಟ್ಟೆ. ಲೋಟ ಕೈಗೆ ಕೊಟ್ಟಾಗ ಅವರು ನನ್ನ ಕಡೆ ನೋಡದೆ ಹೇಳಿದರು:

"ಹೊಳವನಹಳ್ಳಿಗೆ ನೀನೊಬ್ಳೇ ಹೋಗ್ ಬಾ. ನಾನು ಬರಲ್ಲ."

ದೊಡ್ಡತ್ತೆ ಇರುವುದು ಹೊಳವನಹಳ್ಳಿಯಲ್ಲಿ, ಮಗಳ ಮನೆಯಲ್ಲಿ. ಕೊರಟಗೆರೆಯಲ್ಲಿ ಬಸ್ ಬದಲಿಸಿ ಹೋದೆ. ಅವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಹಿಂದಿನ ವರ್ಷ ಅವರ ಎದೆಗೆ ಸ್ಟೆಂಟ್ ಹಾಕಿದ್ದರು, ಅದು ಅದೇ ಎಪ್ಪತ್ತು ದಾಟಿದವರ ಕಾರ್ಡಿನಲ್ಲಿ ಆದದ್ದೆಂದು ನನಗೆ ಅಲ್ಲಿಗೆ ಹೋದ ಮೇಲೇ ತಿಳಿಯಿತು. ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋಗಳ ಸಾಲಿನಲ್ಲೇ ಇಟ್ಟಿದ್ದರು. ಅದಕ್ಕೂ ಒಂದು ಕಣಗಿಲೆ ಹೂವಿತ್ತು.

ನಾನು ಬಂದ ವಿಷಯ ಹೇಳಿದೆ. ಅವರ ಕೈಯ ಚಾಕು ನಿಂತಿತು.

"ಎಲ್ಲಿ ಹೇಳ್ಬೇಕು?"

"ಮಧುಗಿರಿ ಎ.ಸಿ. ಆಫೀಸಲ್ಲಿ, ದೊಡ್ಡತ್ತೆ."

"ಏನಂತ?"

"ಅತ್ತೆ ನಿಮಗಿಂತ ಹಿರಿಯೋರು ಅಂತ."

"ಆಗಲ್ಲ ಕಣಮ್ಮ."

ಹಿರಿತನ ಬಿಟ್ಟುಕೊಡಲು ಮನಸ್ಸಿಲ್ಲವೇನೋ ಅಂದುಕೊಂಡೆ. ಅವರ ಭಯ ಬೇರೆ ಇತ್ತು.

"ಅವ್ಳು ದೊಡ್ಡೋಳು, ನಾನು ಚಿಕ್ಕೋಳು ಅಂತ ನನ್ ಬಾಯಲ್ಲೇ ಹೇಳಿದ್ರೆ ಸರ್ಕಾರ್ದೋರು ಸುಮ್ಕೆ ಬುಡ್ತಾರಾ? ನೀನ್ಯಾವಾಗ ಹುಟ್ದೆ, ನಿಂದೂ ಸುಳ್ಳೇ ಇರ್ಬೇಕು ಅಂತಾರೆ. ಈ ಕಾರ್ಡು ಕಿತ್ಕೊಂಡ್ರೆ ನನ್ ಎದೆ ಗತಿ ಏನು? ಅವ್ಳಿಗೆ ಮಂಡಿ. ನಂಗೆ ಉಸುರು."

ಅವರ ಮುಂದಿದ್ದ ಹುಣಸೆಬೀಜದಲ್ಲಿ ಎರಡನ್ನು ತೆಗೆದು ನೆಲದ ಗಾರೆಗೆರೆಯ ಹತ್ತಿರ ಇಟ್ಟು ಹೇಳಿದೆ. ಗೆರೆ ಎಂದರೆ ಎಪ್ಪತ್ತು. ಒಂದು ಬೀಜ ಗೆರೆಯ ಆಚೆ, ಅದು ನೀವು. ಇನ್ನೊಂದು ಈಚೆ, ಅದು ಅತ್ತೆ. ಅತ್ತೆಯ ಬೀಜವನ್ನು ಗೆರೆ ದಾಟಿಸಿ ನಿಮ್ಮದರ ಮುಂದಿಡುತ್ತೇವೆ. ನಿಮ್ಮದು ಇದ್ದಲ್ಲೇ ಇರುತ್ತದೆ. ಅದನ್ನು ಯಾರೂ ಹಿಂದಕ್ಕೆ ತಳ್ಳುವ ಅಗತ್ಯವೇ ಬರುವುದಿಲ್ಲ.

ದೊಡ್ಡತ್ತೆ ಬೀಜಗಳ ಕಡೆಗೆ ಬಗ್ಗಿ ನೋಡಿದರು. "ಇಂಗೆ ಇಟ್ರೆ ಸರಿಯಾಗೇ ಕಾಣ್ತದೆ," ಎಂದರು. "ಕಚೇರಿಲಿ ಹೆಂಗೋ ಏನೋ."

ಆಮೇಲೆ ಕೇಳಿದರು, "ಅವ್ಳೇ ಕಳಿಸಿದ್ಲಾ ನಿನ್ನ?"

"ಹೌದು. ಬಸ್ ಹತ್ತಕ್ಕಾಗಲ್ಲ ಅವರಿಗೆ."

"ಬಸ್ಸಿಗಲ್ಲ ಬುಡು. ನಂಗೊತ್ತಿಲ್ವಾ ಅವ್ಳು."

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ ಹುಣಸೆಹಣ್ಣನ್ನು ಉಂಡೆ ಕಟ್ಟಿ ಕವರಿಗೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಅದು ತೊಡೆಯ ಮೇಲೆ ಭಾರವಾಗಿ, ಸ್ವಲ್ಪ ಬೆಚ್ಚಗೆ ಕೂತಿತ್ತು. ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ, "ನಕ್ಕಳಾ?" ಇಲ್ಲ ಎಂದೆ. ಅವರಿಗೆ ಅದು ಸಮಾಧಾನವಾಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಹೇಳಿಕೆಯ ದಿನ ನಾವು ಕಚೇರಿಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ನಾಲ್ಕು ತಾಲ್ಲೂಕಿನವರೂ ಇಲ್ಲಿಗೇ ಬರಬೇಕಾದ್ದರಿಂದ ಜಾಗ ಸಾಲದು. ಪಕ್ಕದಲ್ಲಿ ಸಿರಾದಿಂದ ಬಂದ ಮುದುಕರೊಬ್ಬರಿದ್ದರು, ಬಿಳಿ ಟೋಪಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅವರದೂ ಹುಟ್ಟಿದ ವರ್ಷದ ಕೆಲಸವೇ.

"ನಾನು ಹುಟ್ಟಿದೀನಿ ಅಂತ ಸಾಬೀತು ಮಾಡ್ಬೇಕಂತೆ ಬೆಹೆನ್," ಎಂದರು ಅತ್ತೆಗೆ. "ಎದುರಿಗೇ ಕೂತಿದೀನಿ, ಇನ್ನೇನ್ ಬೇಕು?"

ಅತ್ತೆಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಗೇಟಿನಲ್ಲಿ ದೊಡ್ಡತ್ತೆ ಕಂಡರು, ಮಗಳ ಕೈ ಹಿಡಿದು, ಮದುವೆ ಮನೆಗೆ ಉಡುವ ಹಸಿರು ರೇಷ್ಮೆ ಸೀರೆಯಲ್ಲಿ. ಅತ್ತೆಯ ಕೈ ಸೆರಗಿನಲ್ಲೇ ನಿಂತಿತು. ದೊಡ್ಡತ್ತೆ ಬಂದು ಅತ್ತೆಯ ಪಕ್ಕದಲ್ಲಿ ಒತ್ತಿಕೊಂಡು ಕೂತರು. ಮಗಳ ಕೈಲಿದ್ದ ಬ್ಯಾಗಿನಿಂದ ಎಲೆಅಡಿಕೆ ತೆಗೆದು ಅತ್ತೆಗೆ ಅರ್ಧ ಕೊಟ್ಟರು. ಇಲ್ಲಿ ಹಾಕಿಕೊಳ್ಳಬಾರದು ಎಂದು ನಾನು ಮೆಲ್ಲಗೆ ಹೇಳಿದೆ. ಇಬ್ಬರೂ ಮುಷ್ಟಿಯಲ್ಲೇ ಹಿಡಿದುಕೊಂಡು ಕೂತರು.

ಒಳಗೆ ಕರೆದಾಗ ಅಧಿಕಾರಿ ಡಾಕ್ಟರ ಪತ್ರ ಓದಿ, ದೊಡ್ಡತ್ತೆಯ ಕಡೆ ತಿರುಗಿದರು.

"ಅಜ್ಜಿ, ಇವರು ನಿಮಗಿಂತ ದೊಡ್ಡವರು ಅಂತೀರಿ. ಇವರು ಹುಟ್ಟಿದ್ದನ್ನ ನೀವು ನೋಡಿಲ್ಲ. ಹೇಗೆ ಹೇಳ್ತೀರಿ?"

ದೊಡ್ಡತ್ತೆ ಮೇಜಿನ ಅಂಚು ಹಿಡಿದರು. "ನಾನು ಮೊದ್ಲು ಸೊಸೆಯಾಗ್ ಬಂದೆ ಸ್ವಾಮಿ. ಆಗಿನ್ನೂ ನಂಗೆ ಲಂಗ. ತಲೆ ಬಾಚ್ಕೊಳಾಕೂ ಬರ್ತಿರ್ಲಿಲ್ಲ, ನಮ್ಮವ್ವ ಬಾಚ್ತಿದ್ಲು. ಗಂಡನ ಮನೇಲಿ ಯಾರು ಬಾಚ್ತಾರೆ? ಹೇನು ಬಿದ್ದು ಅತ್ತೆ ಬೈಯೋಳು. ಆಮ್ಯಾಕೆ ಇವ್ಳು ಬಂದ್ಲು. ಬಂದ ವಾರಕ್ಕೇ ನನ್ನ ಹಿತ್ಲಿಗೆ ಕರ್ಕೊಂಡೋಗಿ, ಕಾಲ್ ಸಂದೀಲಿ ಕೂರಿಸ್ಕೊಂಡು, ಎಣ್ಣೆ ಹಚ್ಚಿ ಹೇನು ತೆಗ್ದು ಜಡೆ ಹಾಕಿದ್ಲು. ಎಲ್ರ ಮುಂದೆ ಅಕ್ಕಾ ಅನ್ನೋಳು. ಹಿತ್ಲಲ್ಲಿ, ಅಲ್ಲಾಡ್ಬ್ಯಾಡ ಕೂಸೇ ಅನ್ನೋಳು." ಸೆರಗು ಸರಿಮಾಡಿಕೊಂಡು ಸೇರಿಸಿದರು, "ನಾನು ಮೈನೆರೆದಾಗ ಇವ್ಳೇ ನಂಗೆ ಎಲ್ಲಾ ಹೇಳ್ಕೊಟ್ಟಿದ್ದು. ಅವ್ಳು ದೊಡ್ಡೋಳಲ್ದೆ ಇನ್ಯಾರು?"

ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿ ಮತ್ತೆ ಬರೆದರು. ಅಧಿಕಾರಿ ಇನ್ನೆರಡು ಪ್ರಶ್ನೆ ಕೇಳಿ, ಆಯಿತು ಎಂದರು. ದೊಡ್ಡತ್ತೆಯ ವಯಸ್ಸನ್ನು ಯಾರೂ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿದ ಮೇಲೆ ಶಾಯಿಯನ್ನು ಅವರು ರೇಷ್ಮೆಗೆ ಒರೆಸಿಕೊಳ್ಳಲು ಹೋದಾಗ ನಾನು ನನ್ನ ಕರ್ಚೀಫು ಕೊಟ್ಟೆ.

ಹೊರಗೆ ಬಂದು ಮೆಟ್ಟಿಲ ಹತ್ತಿರ ಅವರು ಅತ್ತೆಯ ತೋಳಿಗೆ ಚಿವುಟಿದರು. "ಲೇ, ಅವತ್ತು ನಾಲ್ಕು ಕಮ್ಮಿ ಅಂದ್ಯಲ್ಲ? ಒಂದು ಕಮ್ಮಿ ಅಂದಿದ್ರೆ ಸಾಲ್ದಾ? ಮಾಡಿದ್ರೆ ಎಲ್ಲಾ ಜಾಸ್ತಿನೇ ನಿಂದು. ಮುಂದ್ಲ ಹಬ್ಬಕ್ಕೆ ಮೊದ್ಲೆಲೆ ನಿಂಗೇ ಹಾಕಿಸ್ತೀನಿ ನೋಡ್ತಿರು."

"ಸುಮ್ಕಿರಕ್ಕ," ಎಂದರು ಅತ್ತೆ, ಸುತ್ತ ನೋಡಿ. "ಕಚೇರಿಲಿ ಹೇಳಿದ್ದು ಕಚೇರಿಗೆ."

ಆದೇಶ ಬಂತು, ಜನನ ಪತ್ರ ಬಂತು, ಆಧಾರ್ ತಿದ್ದಿ ಬಂತು. ಒಂದೊಂದಕ್ಕೂ ಕಾಯಬೇಕಾಯಿತು. ಕಾರ್ಡು ಕೈಗೆ ಬಂದ ದಿನ ಅತ್ತೆ ಅದರಲ್ಲಿದ್ದ ತಮ್ಮ ಫೋಟೋ ನೋಡಿ, ಕಣ್ಣು ಮುಚ್ಚಿದೆ ಅಂದರು. ನಿಜ, ಮುಚ್ಚಿತ್ತು. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಬರೆಸಿಕೊಂಡು ತುಮಕೂರಿಗೆ ಹೋದೆವು. ಎಡ ಮಂಡಿಯ ಆಪರೇಷನ್ ಆಯಿತು. ಬಲಗಾಲಿನದನ್ನು ಆಮೇಲೆ ನೋಡೋಣ ಎಂದರು.

ಮನೆಗೆ ಕಳಿಸುವ ಹಿಂದಿನ ದಿನ ದೊಡ್ಡತ್ತೆ ನೋಡಲು ಬಂದರು. ಒಂದು ಡಬ್ಬಿಯಲ್ಲಿ ಹುರಿಗಾಳು, ಇನ್ನೊಂದರಲ್ಲಿ ಮೆಂತ್ಯದ ಹಿಟ್ಟು. ಅತ್ತೆ ವಾಕರ್ ಹಿಡಿದು ಹಾಸಿಗೆಯಿಂದ ಎದ್ದು ನಿಂತಿದ್ದರು. ದೊಡ್ಡತ್ತೆ ಅವರ ಕಾಲನ್ನೂ ಬ್ಯಾಂಡೇಜನ್ನೂ ಬಗ್ಗಿ ನೋಡಿ, ಏಳುವಾಗ ತಮ್ಮ ಮಂಡಿಯ ಮೇಲೆ ಕೈಯೂರಿದರು.

"ನಂಗೂ ಹಿಡ್ಕಂತದೆ ಕಣೇ ಈಚೀಚೆಗೆ. ನಿಜ ಹೇಳು, ಬೋ ನೋವಾಯ್ತಾ?"

"ಆಯ್ತು. ಸೆರಗು ಕಚ್ಕೊಂಡಿದ್ದೆ."

"ಹಂಗಾದ್ರೆ ನಂಗೆ ಬ್ಯಾಡಪ್ಪ. ಇರೋ ಮಂಡೀನೇ ಸಾಕು."

"ನಿಂಗೇನಕ್ಕ," ಎಂದರು ಅತ್ತೆ. "ನನಗಿಂತ ಚಿಕ್ಕೋಳು. ತಡ್ಕೋತೀಯ."

ವಾರ್ಡಿನಲ್ಲಿ ನರ್ಸುಗಳಿದ್ದರು, ಪಕ್ಕದ ಹಾಸಿಗೆಯವರಿದ್ದರು, ದೊಡ್ಡತ್ತೆಯ ಮಗಳಿದ್ದಳು. ದೊಡ್ಡತ್ತೆ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ವಾಕರ್‌ಗೆ ಅಡ್ಡವಾಗಿದ್ದ ಕುರ್ಚಿಯನ್ನು ಎಳೆದು ದಾರಿ ಬಿಟ್ಟರು. ಅತ್ತೆ ಬಚ್ಚಲಿನ ಕಡೆಗೆ ಹೊರಟರು. ನಾನು ಅಭ್ಯಾಸಬಲದಿಂದ ಎದ್ದೆ. ಅವರು ತಿರುಗಿ ನೋಡದೆಯೇ ಬೇಡವೆಂದು ತಲೆಯಾಡಿಸಿದರು. ನಾನು ಕೂತುಕೊಂಡೆ.